ಸಲ್ಲದ ಕೀರ್ತಿ, ಸಲ್ಲಬೇಕಾದ ಕೀರ್ತಿ

2025ರ ಆಗಸ್ಟಿನಲ್ಲಿ ವಿ8 ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ನಿನ ಕರ್ತೃಗಳು, ವಸ್ತುಗಳನ್ನು ಜೇಸನ್ ಪಠ್ಯವಾಗಿ ಬರೆಯುವ ತಮ್ಮ ಜೇಸನ್.ಸ್ಟ್ರಿಂಗಿಫೈ ಹಿಂದಿಗಿಂತ ಎರಡು ಪಟ್ಟಿಗೂ ಮಿಗಿಲಾದ ವೇಗದಿಂದ ನಡೆಯತೊಡಗಿದೆಯೆಂದು ಪ್ರಕಟಿಸಿ, ಅದು ಹೇಗೆ ಸಾಧ್ಯವಾಯಿತೆಂಬುದನ್ನು ಸಕ್ರಮವಾಗಿ ವಿವರಿಸಿದ ಮೇಲೆ, ನೋಡ್ ಸರ್ವರುಗಳನ್ನು ಕಟ್ಟುವವರ ನಡುವೆ ಒಂದು ತೀರ್ಪು ಬಲು ಬೇಗ ಹಬ್ಬಿತು: ಫಾಸ್ಟ್-ಜೇಸನ್-ಸ್ಟ್ರಿಂಗಿಫೈ ಎಂಬ ಲೈಬ್ರರಿಯ ಕಾಲ ತೀರಿತು, ಎಂಜಿನ್ನು ತಾನೇ ವೇಗವಾದ ಮೇಲೆ ಹೊರಗಿನ ಉಪಾಯಗಳಿಗೆ ಕೆಲಸವೇನು, ಎಂದು. ಈ ತೀರ್ಪನ್ನು ನಾನು ಒಪ್ಪಲಾರೆ. ಆ ಲೈಬ್ರರಿ ಇಂದಿಗೂ ಎಲ್ಲೆಲ್ಲಿಯೂ ವೇಗವಾದುದೆಂದು ಸಾಧಿಸುವ ಹಟ ನನಗಿಲ್ಲ. ಕೆಲವು ಕಡೆ ಅದು ಸೋಲುವುದೂ ಸಹಜವೇ. ನನ್ನ ಆಕ್ಷೇಪಣೆ ಬೇರೆ. ಇಷ್ಟು ಕಾಲವೂ ಅದನ್ನು ಹೊಗಳಿದವರು ಅದರ ಅತ್ಯಂತ ಅಲ್ಪವಾದ ಗುಣವನ್ನು ಹಿಡಿದು ಹೊಗಳಿದರು. ಈಗ ತೆಗಳುತ್ತಿರುವವರು ಆ ಅಲ್ಪಗುಣ ಕುಂದಿತೆಂಬ ಕಾರಣದಿಂದಲೇ ತೆಗಳುತ್ತಿದ್ದಾರೆ. ಇಬ್ಬರ ಕಣ್ಣಿಗೂ ಬೀಳದೆ ಉಳಿದ ಗುಣವೊಂದು ಅದರಲ್ಲುಂಟು, ಮತ್ತು ನನ್ನ ಮತದಲ್ಲಿ ಆ ಗುಣವೇ ಅದರ ಜೀವ.

ಸರ್ವರಿನ ಸ್ಮೃತಿಯಲ್ಲಿ ವಸ್ತುರೂಪವಾಗಿರುವ ದತ್ತವು ತಂತಿಯನ್ನೇರುವ ಮುನ್ನ ಅಕ್ಷರಸರಣಿಯಾಗಬೇಕಾದುದೇಕೆ, ಒಂದೇ ಎಳೆಯ ಮೇಲೆ ನಡೆಯುವ ನೋಡ್‌ನಲ್ಲಿ ಈ ಕೆಲಸ ಮುಗಿಯುವವರೆಗೆ ಉಳಿದ ಕೋರಿಕೆಗಳೆಲ್ಲ ಕಾದು ನಿಲ್ಲಬೇಕಾದುದೇಕೆ ಎಂಬುದನ್ನು ಈ ವಿಷಯದಲ್ಲಿ ಆಸಕ್ತರಾದ ಓದುಗರಿಗೆ ವಿವರಿಸಬೇಕಾದುದಿಲ್ಲ. ಫಾಸ್ಟಿಫೈ ಎಂಬ ವೆಬ್ ಚೌಕಟ್ಟನ್ನು ಕಟ್ಟಿದ ಮಾತಿಯೋ ಕೊಲ್ಲಿನಾ ಮತ್ತು ತೊಮಾಸ್ ಡೆಲ್ಲಾ ವೆದೊವಾ ಅವರ ಬಳಗದಿಂದ ಬಂದ ಈ ಲೈಬ್ರರಿಯ ಮೂಲಭಾವನೆಯೂ ಸರಳವಾದುದು. ಎಂಜಿನ್ನಿನ ಸಾಮಾನ್ಯ ಕ್ರಿಯೆಗೆ ತನ್ನ ಮುಂದೆ ಬರುವ ವಸ್ತು ಎಂಥದೆಂದು ಗೊತ್ತಿರುವುದಿಲ್ಲ. ಪ್ರತಿಸಲವೂ ಅದರ ಗುಣಗಳು ಯಾವುವು, ಒಂದೊಂದರ ಮೌಲ್ಯ ಸಂಖ್ಯೆಯೋ ಪಠ್ಯವೋ ಪಟ್ಟಿಯೋ ಎಂದು ವಿಚಾರಿಸಿಕೊಂಡೇ ಮುಂದುವರಿಯಬೇಕು. ಸರ್ವರನ್ನು ಬರೆದವನಿಗಾದರೋ ಇದೆಲ್ಲ ಮೊದಲೇ ಗೊತ್ತು. ಆತನು ಆ ತಿಳಿವಳಿಕೆಯನ್ನು ಜೇಸನ್ ಸ್ಕೀಮಾ ರೂಪದಲ್ಲಿ ಒಮ್ಮೆ ಬರೆದುಕೊಟ್ಟರೆ, ಲೈಬ್ರರಿಯು ಸರ್ವರು ಏಳುವಾಗಲೇ ಆ ಸ್ಕೀಮಾದಿಂದ ಒಂದು ಜಾವಾಸ್ಕ್ರಿಪ್ಟ್ ಫಂಕ್ಷನ್ನನ್ನು ಹೆಣೆದಿಟ್ಟುಕೊಳ್ಳುತ್ತದೆ. ಗುಣಗಳ ಹೆಸರು, ಅಲ್ಪವಿರಾಮ, ಆವರಣ ಎಲ್ಲವೂ ಆ ಫಂಕ್ಷನ್ನಿನಲ್ಲಿ ಸಿದ್ಧಾಕ್ಷರಗಳಾಗಿ ಕುಳಿತಿರುತ್ತವೆ. ಕೋರಿಕೆ ಬಂದಾಗ ಮೌಲ್ಯಗಳನ್ನು ಸೇರಿಸುವುದಷ್ಟೇ ಉಳಿದ ಕೆಲಸ. ಬರಿಯ ಕಾಗದದ ಮೇಲೆ ಪ್ರತಿದಿನವೂ ಗೆರೆಯೆಳೆದು ಶೀರ್ಷಿಕೆಗಳನ್ನು ತಾನೇ ಬರೆದುಕೊಳ್ಳುವ ಶಾನುಭೋಗನಿಗೂ ಅಚ್ಚಾದ ನಮೂನೆಯಲ್ಲಿ ಬಿಟ್ಟ ಜಾಗಗಳನ್ನು ತುಂಬುವ ಶಾನುಭೋಗನಿಗೂ ಇರುವ ಅಂತರವೆಂದು ಇದನ್ನು ತಿಳಿಯಬಹುದು. ಸ್ಕೀಮಾ ಕೊಟ್ಟರೆ ಸೀರಿಯಲೈಸೇಷನ್, ಎಂದರೆ ವಸ್ತುವನ್ನು ಅಕ್ಷರಸರಣಿಯಾಗಿಸುವ ಕೆಲಸ, ಎರಡು ಮೂರು ಪಟ್ಟು ಬೇಗ ನಡೆಯುತ್ತದೆಂದು ಫಾಸ್ಟಿಫೈಯ ಕೈಪಿಡಿಯೇ ಹೇಳುತ್ತದೆ. ದತ್ತದ ಗಾತ್ರ ಬೆಳೆದಂತೆಲ್ಲ ಈ ಲಾಭ ಕುಗ್ಗುವುದೆಂಬುದನ್ನು ಲೈಬ್ರರಿಯ ಪರಿಚಯಪತ್ರವೂ ಮುಚ್ಚಿಡದೆ ಒಪ್ಪುತ್ತದೆ. ಅದರ ಕರ್ತೃಗಳು ಆಡಿದ ಮಾತು ಮಿತವಾದುದು. ಅಮಿತವಾದ ಮಾತು ಅಭಿಮಾನಿಗಳದು.

ಅಭಿಮಾನಿಗಳು ಬೆರಳಿಟ್ಟು ತೋರಿಸುವ ಭಾಗವೊಂದಿದೆ: ಪಠ್ಯಮೌಲ್ಯಗಳನ್ನು ಬರೆಯುವ ಆಸ್‌ಸ್ಟ್ರಿಂಗ್ ಎಂಬ ಕ್ರಿಯೆ. ಇಪ್ಪತ್ತು ಮೂವತ್ತು ಸಾಲುಗಳ ಈ ಪುಟ್ಟ ರಚನೆಯಲ್ಲಿ ಇಡೀ ಲೈಬ್ರರಿಯ ಕೀರ್ತಿ ನೆಲೆಗೊಂಡಿದೆಯಾದ್ದರಿಂದ ಇದನ್ನು ಸಾವಧಾನವಾಗಿ ನೋಡುವುದು ಅಗತ್ಯ. ಸ್ಟ್ರಿಂಗು ಬರಿದಾಗಿದ್ದರೆ ಎರಡು ಉದ್ಧರಣಚಿಹ್ನೆಗಳನ್ನಿತ್ತು ಅದು ಮುಗಿಸುತ್ತದೆ. ಉದ್ದವು 42ಕ್ಕಿಂತ ಕಡಮೆಯಾಗಿದ್ದರೆ ಒಂದೊಂದು ಸಂಕೇತವನ್ನೂ ಕ್ರಮವಾಗಿ ನೋಡುತ್ತ ಹೋಗಿ, ಉದ್ಧರಣಚಿಹ್ನೆಯೋ ಬ್ಯಾಕ್‌ಸ್ಲ್ಯಾಶೋ ಸಿಕ್ಕಿದ ಕಡೆ ಅದರ ಮುಂದೆ ಇನ್ನೊಂದು ಬ್ಯಾಕ್‌ಸ್ಲ್ಯಾಶನ್ನಿಡುತ್ತದೆ. 32ರ ಕೆಳಗಿನ ನಿಯಂತ್ರಣಸಂಕೇತವಾಗಲಿ, ಯುಟಿಎಫ್-16ರಲ್ಲಿ ಜೋಡಿಯಾಗಿ ಬರುವ ಸರೊಗೇಟ್ ಸಂಕೇತವಾಗಲಿ ಎದುರಾದರೆ, ಅದುವರೆಗಿನ ಶ್ರಮವನ್ನೆಲ್ಲ ಕೈಬಿಟ್ಟು ಆ ಸ್ಟ್ರಿಂಗನ್ನು ಎಂಜಿನ್ನಿನ ಜೇಸನ್.ಸ್ಟ್ರಿಂಗಿಫೈಗೇ ಒಪ್ಪಿಸಿಬಿಡುತ್ತದೆ. 42ರಿಂದ ಮೇಲೆ, 5000ದ ಒಳಗೆ ಇದ್ದರೆ, ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಿಂದ ಇಡೀ ಪಠ್ಯವನ್ನು ಒಮ್ಮೆ ಶೋಧಿಸಿ, ಅಪಾಯದ ಸಂಕೇತ ಯಾವುದೂ ಇಲ್ಲವಾದರೆ ಎರಡು ಕಡೆಯೂ ಉದ್ಧರಣಚಿಹ್ನೆ ಹಚ್ಚಿ ಹಾಗೆಯೇ ಕೊಡುತ್ತದೆ. ಒಂದಾದರೂ ಇದ್ದರೆ ಮತ್ತೆ ಎಂಜಿನ್ನಿನ ಪಾಲು. 5000ವನ್ನು ಮುಟ್ಟಿದರೆ ಶೋಧನೆಯೂ ಇಲ್ಲದೆ ಎಂಜಿನ್ನಿಗೇ ಹೋಗುತ್ತದೆ.

ಈ ಮೂರು ಮಾರ್ಗಗಳ ಹಿಂದಿರುವ ವಿವೇಕವನ್ನು ಮೆಚ್ಚಬೇಕು. ಚಿಕ್ಕ ಸ್ಟ್ರಿಂಗಿಗಾಗಿ ಜಾವಾಸ್ಕ್ರಿಪ್ಟಿನಿಂದ ಎಂಜಿನ್ನಿನ ಒಳಗಣ ಕ್ರಿಯೆಗೆ ಹೋಗಿಬರುವ ವೆಚ್ಚ, ಆ ಸ್ಟ್ರಿಂಗನ್ನು ತಾನೇ ಓದಿ ಮುಗಿಸುವ ವೆಚ್ಚಕ್ಕಿಂತ ಹೆಚ್ಚು. ದೊಡ್ಡದಾದರೆ ಅದು ತಿರುಗುಮುರುಗು. ಎಲ್ಲಿ ತಿರುಗುವುದೆಂಬುದನ್ನು ಅಳೆದು ನೋಡಿ ಗೊತ್ತುಮಾಡಬೇಕೇ ಹೊರತು ತರ್ಕದಿಂದ ಹೇಳಲಾಗದು. ಆದರೆ ಅಳೆದು ನೋಡಿದ ಸಂಖ್ಯೆಗೆ ಅಳೆದ ದಿನದ ಎಂಜಿನ್ನೇ ಆಧಾರ. ಎಂಜಿನ್ನು ಬದಲಾದಾಗ ಆ 42 ಎಂಬುದು ಬರಿಯ ಅವಶೇಷವಾಗುತ್ತದೆ. 2025ರ ವಿ8ರ ಮುಂದೆ ಅದನ್ನು ಹೊಸದಾಗಿ ಅಳೆಯದೆ ಯಾರೂ ಸಮರ್ಥಿಸಲಾರರು. ಇಷ್ಟರ ಮಟ್ಟಿಗೆ ಹೊಸ ವಿಮರ್ಶಕರ ಮಾತು ಸರಿ.

ಇನ್ನು ಈ ಕ್ರಿಯೆಯನ್ನು ಕನ್ನಡ ಪಠ್ಯದ ಮೇಲೆ ನಡೆಯಿಸಿ ನೋಡೋಣ. ಯಾಕೆಂದರೆ ಇಂಥ ಲೈಬ್ರರಿಗಳ ಗುಣದೋಷವೆಲ್ಲ ಇಂಗ್ಲಿಷ್ ಪಠ್ಯವನ್ನೇ ಇಟ್ಟುಕೊಂಡು ನಿರ್ಣಯವಾಗಿರುವುದುಂಟು. ಯುನಿಕೋಡಿನಲ್ಲಿ ಕನ್ನಡದ ಸಂಕೇತಗಳು 3200ರಿಂದ 3327ರವರೆಗಿನ ನೆಲೆಯಲ್ಲಿವೆ. ನಿಯಂತ್ರಣಸಂಕೇತಗಳಿಗೆ ಬಹು ಮೇಲೆ, 55296ರಲ್ಲಿ ಮೊದಲಾಗುವ ಸರೊಗೇಟುಗಳಿಗೆ ಬಹು ಕೆಳಗೆ. ಆದಕಾರಣ ಅಚ್ಚಗನ್ನಡದ ಪಠ್ಯ ಯಾವ ತಡೆಯೂ ಇಲ್ಲದೆ ಸಾಗಬೇಕು. ಸಾಗುತ್ತದೆಯೆ? 'ಕೃಷ್ಣರಾಜಸಾಗರ ಜಲಾಶಯಕ್ಕೆ ಒಳಹರಿವು ಹೆಚ್ಚಳ' ಎಂಬ ವಾರ್ತಾಶೀರ್ಷಿಕೆಯನ್ನು ತೆಗೆದುಕೊಳ್ಳಿ. ಕಣ್ಣಿಗೆ ಅದು ಇಪ್ಪತ್ತು ಅಕ್ಷರ. ಒತ್ತು, ಗುಣಿತಗಳನ್ನು ಬಿಡಿಸಿ, ಮಧ್ಯದ ಮೂರು ತೆರಪುಗಳನ್ನೂ ಕೂಡಿಸಿ ಎಣಿಸಿದರೆ 37 ಸಂಕೇತ. ಮೊದಲನೆಯ ಮಾರ್ಗದಲ್ಲಿ ಇದು ಸುಖವಾಗಿ ದಾಟುತ್ತದೆ. ಉಪಸಂಪಾದಕನು 'ಹೆಚ್ಚಳ'ದ ಹಿಂದೆ 'ಭಾರೀ' ಎಂಬ ವಿಶೇಷಣವೊಂದನ್ನು ಸೇರಿಸಿದರೆ ಉದ್ದ ಸರಿಯಾಗಿ 42 ಆಗಿ, ಅದೇ ಶೀರ್ಷಿಕೆ ಎರಡನೆಯ ಮಾರ್ಗಕ್ಕೆ ಬೀಳುತ್ತದೆ. ಅಲ್ಲಿಯೂ ಹಾನಿಯಿಲ್ಲ. ಆದರೆ ಶೀರ್ಷಿಕೆಯ ಕೆಳಗಿನ ವರದಿಯ ಗತಿ ಬೇರೆ. ವರದಿಯೆಂದ ಮೇಲೆ ಎರಡಾದರೂ ಖಂಡಿಕೆಗಳಿರುತ್ತವೆ. ಖಂಡಿಕೆಗಳ ನಡುವೆ ಸಾಲುಮುರಿಯುವ ಸಂಕೇತವಿರುತ್ತದೆ. ಅದರ ಮಾನ 10, ಎಂದರೆ 32ಕ್ಕಿಂತ ಕೆಳಗೆ. ಯಾರದೋ ಮಾತನ್ನು ನೇರವಾದ ಉದ್ಧರಣಚಿಹ್ನೆಯೊಳಗೆ ಹಾಕಿದ್ದರೂ ಫಲ ಅದೇ. ಓದುಗರ ಪ್ರತಿಕ್ರಿಯೆಗಳಲ್ಲಿ ಒಂದು ನಗುಮುಖದ ಚಿತ್ರಸಂಕೇತ ಬಂದರೆ ಸಾಕು, ಅದು ಸರೊಗೇಟುಗಳ ಜೋಡಿಯಾಗಿರುವುದರಿಂದ ಇಡೀ ಪ್ರತಿಕ್ರಿಯೆ ಎಂಜಿನ್ನಿಗೆ ಹೋಗುತ್ತದೆ. ಹೀಗಾಗಿ ಕೀರ್ತಿವೆತ್ತ ಆಸ್‌ಸ್ಟ್ರಿಂಗ್ ನಿಜವಾಗಿ ತನ್ನ ಕೈಯಿಂದ ಬರೆಯುವುದು ಹೆಸರು, ಊರು, ಶೀರ್ಷಿಕೆಗಳಂಥ ತುಣುಕುಗಳನ್ನು. ಪಠ್ಯದ ಭಾರವೆಲ್ಲ ಬೀಳುವುದು ಯಾವ ಎಂಜಿನ್ನಿನ ನಿಧಾನವನ್ನು ಅದು ತಪ್ಪಿಸಹೊರಟಿತೋ ಆ ಎಂಜಿನ್ನಿನ ಮೇಲೆಯೇ.

ಮುಂದಿನ ಹೆಜ್ಜೆಯನ್ನೂ ನೋಡಬೇಕು, ಅದನ್ನು ಯಾವ ಅಭಿಮಾನಿಯೂ ನೋಡಿದಂತಿಲ್ಲ. ತುಣುಕು ತುಣುಕಾಗಿ ಕೂಡಿಸಿದ ಸ್ಟ್ರಿಂಗನ್ನು ವಿ8 ಒಡನೆಯೇ ಒಂದೆಡೆ ಬರೆದಿಡುವುದಿಲ್ಲ. ಇದರ ಮುಂದೆ ಅದು, ಅದರ ಮುಂದೆ ಮತ್ತೊಂದು, ಎಂದು ಕೊಂಡಿಗಳ ಸರಪಣಿಯನ್ನಷ್ಟೇ ನೆನಪಿಟ್ಟುಕೊಂಡು, ಹೊರಗೆ ಕಳುಹಿಸುವ ಹೊತ್ತಿಗೆ ಎಲ್ಲವನ್ನೂ ನೆಲಕ್ಕಿಳಿಸಿ ಸಾಲಾಗಿ ಬರೆಯುತ್ತದೆ. ಸೀರಿಯಲೈಸೇಷನ್ನನ್ನು ಮಾತ್ರ ಪ್ರತ್ಯೇಕಿಸಿ ಕಾಲವನ್ನಳೆಯುವವನಿಗೆ ಈ ಇಳಿಸುವ ವೆಚ್ಚ ಕಾಣುವುದೇ ಇಲ್ಲ. ಅದು ಬೇರೆಯವರ ಲೆಕ್ಕದಲ್ಲಿ ಬರೆಯಲ್ಪಡುತ್ತದೆ. ಇದರ ಮೇಲೆ ಇನ್ನೊಂದುಂಟು. ಪಠ್ಯವೆಲ್ಲ ಲ್ಯಾಟಿನ್ ವರ್ಣಗಳಾಗಿದ್ದರೆ ವಿ8 ಅದನ್ನು ಸಂಕೇತಕ್ಕೊಂದು ಬೈಟಿನಂತೆ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒಂದೇ ಒಂದು ಕನ್ನಡ ಸಂಕೇತ ಸೇರಿದರೂ ಇಳಿಸಿದ ಇಡೀ ಸ್ಟ್ರಿಂಗು ಸಂಕೇತಕ್ಕೆರಡು ಬೈಟಾಗಿ ಹಿಗ್ಗುತ್ತದೆ. ಆಮೇಲೆ ಕಂಟೆಂಟ್-ಲೆಂಗ್ತ್ ಗೊತ್ತುಮಾಡುವುದಕ್ಕೆ ಅದರ ಯುಟಿಎಫ್-8 ಉದ್ದವನ್ನು ಒಮ್ಮೆ ಎಣಿಸಬೇಕು. ಕಳುಹಿಸುವುದಕ್ಕೆ ಮತ್ತೊಮ್ಮೆ ಯುಟಿಎಫ್-8ಕ್ಕೆ ತಿರುಗಿಸಬೇಕು, ಆಗ ಕನ್ನಡದ ಸಂಕೇತ ಒಂದೊಂದೂ ಮೂರು ಮೂರು ಬೈಟು. ಮೇಲಿನ 37 ಸಂಕೇತದ ಶೀರ್ಷಿಕೆ ತಂತಿಯ ಮೇಲೆ 105 ಬೈಟಾಗುತ್ತದೆ. ಇಷ್ಟು ಸುತ್ತು ಪ್ರಯಾಣದಲ್ಲಿ ಆಸ್‌ಸ್ಟ್ರಿಂಗ್ ಉಳಿಸಿಕೊಟ್ಟ ಕಾಲ ಎಷ್ಟನೆಯ ಪಾಲೆಂಬುದನ್ನು ಓದುಗರೇ ಊಹಿಸಬಹುದು.

ಪ್ರಸಂಗವಶಾತ್ ಹೇಳುತ್ತೇನೆ: ಈ ವಿಷಯದಲ್ಲಿ ನೋಡ್ ಬಳಸುವವರು ಪುಣ್ಯವಂತರು. ಪೈಥಾನಿನ ಜೇಸನ್ ಮಾಡ್ಯೂಲೂ ಪಿಎಚ್‌ಪಿಯ ಜೇಸನ್_ಎನ್‌ಕೋಡೂ ಹೇಳದೆ ಬಿಟ್ಟರೆ ಕನ್ನಡದ ಒಂದೊಂದು ಸಂಕೇತವನ್ನೂ ಬ್ಯಾಕ್‌ಸ್ಲ್ಯಾಶ್ ಸಹಿತವಾದ ಆರಾರು ಅಕ್ಷರಗಳ ಹದಿನಾರಂಕಿ ರೂಪಕ್ಕೆ ತಿರುಗಿಸುತ್ತವೆ. ಅದೇ ಶೀರ್ಷಿಕೆ 105 ಬೈಟಿನ ಬದಲು 207 ಬೈಟಾಗುತ್ತದೆ. ಪೈಥಾನಿನಲ್ಲಿ ಎನ್ಶೂರ್_ಆಸ್ಕಿ ಎಂಬುದನ್ನು ಸುಳ್ಳಾಗಿಸಿದರೆ, ಪಿಎಚ್‌ಪಿಯಲ್ಲಿ 5.4ರಿಂದೀಚೆಗೆ ದೊರೆಯುವ ಅನ್‌ಎಸ್ಕೇಪ್ಡ್ ಯುನಿಕೋಡ್ ಎಂಬ ಸೂಚನೆ ಕೊಟ್ಟರೆ, ಈ ದುಂದು ನಿಲ್ಲುತ್ತದೆ. ಜಿಜಿಪ್ ಸಂಕೋಚನವು ತಂತಿಯ ಮೇಲಿನ ಅಂತರವನ್ನು ಬಹಳಮಟ್ಟಿಗೆ ಅಳಿಸುವುದು ದಿಟ. ಆದರೆ ಎರಡರಷ್ಟು ಬರೆದು, ಎರಡರಷ್ಟನ್ನು ಸಂಕೋಚಿಸಿ, ಅತ್ತ ಕಡೆಯವನು ಎರಡರಷ್ಟನ್ನು ಬಿಡಿಸಿಕೊಳ್ಳಬೇಕಾದ ಶ್ರಮವನ್ನು ಅದು ಅಳಿಸುವುದಿಲ್ಲ. ಕನ್ನಡದ ದತ್ತವನ್ನು ಹಂಚುವ ಸರ್ವರಿನಲ್ಲಿ ಹೊಸ ಲೈಬ್ರರಿಗಳನ್ನು ತಂದು ಕೂರಿಸುವ ಮೊದಲು ಈ ಒಂದು ಸೂಚನೆಯನ್ನು ಸರಿಪಡಿಸಿಕೊಳ್ಳುವುದು ಮೇಲು.

ಈಗ ವಿ8ರ ಉತ್ತರಕ್ಕೆ ಬರೋಣ. ಅದು ಬಹಳ ಸುಂದರವಾದ ಕೆಲಸ. ಅದನ್ನು ಕಡೆಗಣಿಸಿ ನನ್ನ ಪಕ್ಷವನ್ನು ಸ್ಥಾಪಿಸಬೇಕಾದ ಅಗತ್ಯ ನನಗಿಲ್ಲ. ನಡುವೆ ಪರಕೀಯ ಸಂಕೇತಾಜ್ಞೆಗಳೇನೂ ನಡೆಯವೆಂದು ಖಚಿತವಾದಾಗ ಎಚ್ಚರಿಕೆಯ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ಓಡುವ ಒಂದು ದಾರಿ. ಒಂದು ಬೈಟಿನ ಪಠ್ಯಕ್ಕೊಂದು, ಎರಡು ಬೈಟಿನ ಪಠ್ಯಕ್ಕೊಂದು ಹೀಗೆ ಬೇರೆ ಬೇರೆಯಾಗಿ ಸಿದ್ಧಪಡಿಸಿದ ಎರಡು ಪ್ರತಿಗಳು, ಮೊದಲನೆಯದು ನಡೆಯುತ್ತಿರುವಾಗ ಕನ್ನಡದಂಥ ಪಠ್ಯ ಎದುರಾದರೆ ಅಲ್ಲಿಂದ ಎರಡನೆಯದು ಕೆಲಸವನ್ನು ವಹಿಸಿಕೊಂಡು ಕಡೆಗೆ ಎರಡರ ಬರಹವನ್ನೂ ಕೂಡಿಸುವ ವ್ಯವಸ್ಥೆ. ಅಪಾಯದ ಸಂಕೇತಗಳನ್ನು ಒಂದೊಂದಾಗಿ ಹುಡುಕದೆ ಹಲವನ್ನು ಒಟ್ಟಿಗೆ ಪರೀಕ್ಷಿಸುವ ಯಂತ್ರಾಜ್ಞೆಗಳು. ದಶಮಾಂಶಸಂಖ್ಯೆಗಳನ್ನು ಬರೆಯುವುದಕ್ಕೆ ಹಿಂದಿನ ಗ್ರಿಸು ವಿಧಾನವನ್ನು ಬಿಟ್ಟು ಡ್ರ್ಯಾಗನ್‌ಬಾಕ್ಸ್ ವಿಧಾನ. ಒಂದೇ ದೊಡ್ಡ ಬಫರನ್ನು ಹಿಗ್ಗಿಸುತ್ತ ಹಿಂದಿನದನ್ನೆಲ್ಲ ಮತ್ತೆ ಮತ್ತೆ ನಕಲುಮಾಡುವ ಬದಲು ಚಿಕ್ಕ ಚಿಕ್ಕ ಖಂಡಗಳು. ಇವುಗಳಲ್ಲಿ ಒಂದು ಮಾತ್ರ ನನ್ನ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು: ಒಂದೇ ಆಕಾರದ ವಸ್ತುಗಳು ಮತ್ತೆ ಮತ್ತೆ ಬಂದಾಗ, ಆ ಆಕಾರದ ಗುಣನಾಮಗಳೆಲ್ಲ ನಿರಪಾಯವೆಂದು ಒಮ್ಮೆ ಪರೀಕ್ಷಿಸಿ ಗುರುತು ಹಾಕಿಕೊಂಡು, ಮುಂದಿನ ವಸ್ತುಗಳ ವಿಷಯದಲ್ಲಿ ಆ ಪರೀಕ್ಷೆಯನ್ನು ಕೈಬಿಡುತ್ತದೆ. ಎಂದರೆ ಎಂಜಿನ್ನು ಕೂಡ, ನಡೆಯುತ್ತ ನಡೆಯುತ್ತ, ಸ್ಕೀಮಾದಂಥದೊಂದನ್ನು ತಾನೇ ಊಹಿಸಿಕೊಳ್ಳಹೊರಟಿದೆ! ಲೈಬ್ರರಿಯನ್ನು ಹಳತೆನ್ನುವವರು ಈ ಸಾಮ್ಯವನ್ನು ಗಮನಿಸಬೇಕಾಗಿತ್ತು. ಮೊದಲೇ ತಿಳಿದಿರುವುದೇ ವೇಗದ ಮೂಲವೆಂಬ ತತ್ತ್ವವನ್ನು ವಿ8 ಖಂಡಿಸಿಲ್ಲ, ಅನುಸರಿಸಿದೆ.

ಊಹೆಗೂ ಘೋಷಣೆಗೂ ಭೇದವುಂಟು. ವಿ8ರ ವೇಗದ ದಾರಿಗೆ ನಿಬಂಧನೆಗಳಿವೆ: ವಸ್ತುವಿನಲ್ಲಾಗಲಿ ಅದರ ಮೂಲವಸ್ತುವಿನಲ್ಲಾಗಲಿ ಟುಜೇಸನ್ ಎಂಬ ಕ್ರಿಯೆ ಇರಕೂಡದು, ವಸ್ತುವಿಗೆ ಅಂಕಿಗಳ ಹೆಸರಿನ ಗುಣಗಳಿರಕೂಡದು, ಸ್ಟ್ರಿಂಗಿಫೈಗೆ ರಿಪ್ಲೇಸರನ್ನಾಗಲಿ ತೆರಪಿನ ಅಳತೆಯನ್ನಾಗಲಿ ಕೊಟ್ಟಿರಕೂಡದು. ಜಾವಾಸ್ಕ್ರಿಪ್ಟಿನ ಡೇಟ್ ವಸ್ತುವಿಗೆ ಹುಟ್ಟಿನಿಂದಲೇ ಟುಜೇಸನ್ ಇದೆ. ಡೇಟಾಬೇಸಿನಿಂದ ಬರುವ ಸಾಲುಗಳಲ್ಲಿ ಪ್ರಕಟವಾದ ಕಾಲ, ತಿದ್ದಿದ ಕಾಲ ಎಂದು ಒಂದೆರಡು ಡೇಟ್‌ಗಳು ಇಲ್ಲದಿರುವುದೇ ಅಪರೂಪ. ಮೇಲಿನ ನಿಬಂಧನೆಯಂತೆ ಅಂಥ ದತ್ತಕ್ಕೆ ವೇಗದ ದಾರಿ ಮುಚ್ಚಿದೆ. ಸ್ಕೀಮಾದಲ್ಲಿ ಇದು ಕಾಲಸೂಚಕವೆಂದು ಬರೆದಿಟ್ಟವನ ಫಂಕ್ಷನ್ನಿಗೆ ಇಂಥ ಸಂಶಯವೇ ಇಲ್ಲ. ಆದುದರಿಂದ 'ಎರಡು ಪಟ್ಟು' ಎಂಬುದನ್ನು ತಮ್ಮ ಸರ್ವರಿನ ಲಾಭವೆಂದು ಭಾವಿಸಿ ಸ್ಕೀಮಾಗಳನ್ನು ಅಳಿಸಹೊರಟವರು ಮೊದಲು ತಮ್ಮ ದತ್ತವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಂಥ ಅವಸರದ ತೀರ್ಪುಗಳಿಗೆ ಮೂಲ ಎಲ್ಲಿಯದು? ಕೋಷ್ಟಕಗಳಿಂದಲೇ ಸಾಹಿತ್ಯವಿಮರ್ಶೆ ಮಾಡುವಂಥ ಒಂದು ಪಂಥ ನಮ್ಮಲ್ಲಿ ಬೆಳೆದಿದೆ. ಅದರೊಡನೆ ನನಗೆ ಹಳೆಯ ಜಗಳ. 2013ರಿಂದ ನಡೆದುಬಂದ ಟೆಕ್‌ಎಂಪವರ್ ಪರೀಕ್ಷೆಗಳಲ್ಲಿ 'ಜೇಸನ್ ಸೀರಿಯಲೈಸೇಷನ್' ಎಂಬ ಹೆಸರಿನದೊಂದಿದೆ. ಯಾವ ಚೌಕಟ್ಟು ಶ್ರೇಷ್ಠವೆಂಬ ವಾಗ್ವಾದಗಳಲ್ಲಿ ಅದರ ಅಂಕಿಗಳನ್ನು ಪ್ರಮಾಣವಾಗಿ ಎತ್ತುವವರು ಅಸಂಖ್ಯ. ಅಲ್ಲಿ ಸೀರಿಯಲೈಸ್ ಆಗುವುದೇನು? ಮೆಸೇಜ್ ಎಂಬ ಒಂದೇ ಗುಣ, ಅದರ ಮೌಲ್ಯ 'ಹಲೋ, ವರ್ಲ್ಡ್!' ಎಂಬ ಹದಿಮೂರು ಲ್ಯಾಟಿನ್ ಸಂಕೇತಗಳು. ಆವರಣ, ಉದ್ಧರಣಚಿಹ್ನೆಗಳೆಲ್ಲ ಸೇರಿ 27 ಬೈಟು. ಇದರ ಮುಂದೆ ಹೋಗಬೇಕಾದ ಎಚ್‌ಟಿಟಿಪಿ ಶಿರೋಲೇಖಗಳು, ಸರ್ವರಿನ ಹೆಸರು, ತಾರೀಖು, ದತ್ತದ ಬಗೆ, ಉದ್ದ ಇವಿಷ್ಟೇ ಆದರೂ, ನೂರು ಬೈಟನ್ನು ಮೀರುತ್ತವೆ. ಪಲ್ಲಕ್ಕಿಗಿಂತ ಹೊರುವವರ ಭಾರ ನಾಲ್ಕರಷ್ಟಿರುವ ಈ ಪರೀಕ್ಷೆ ಅಳೆಯುವುದು ಸಾಕೆಟ್ಟನ್ನು ಓದುವ ಬರೆಯುವ ಕೌಶಲವನ್ನು. ಪರೀಕ್ಷಕರು ಅಜ್ಞರಲ್ಲ; ಅವರದೇ 'ಫಾರ್ಚೂನ್ಸ್' ಎಂಬ ಇನ್ನೊಂದು ಪರೀಕ್ಷೆಯಲ್ಲಿ ಡೇಟಾಬೇಸಿನಿಂದ ಹಲವು ಸಾಲುಗಳನ್ನು ತರಿಸಿ, ಅವುಗಳಲ್ಲಿ ಒಂದು ಜಪಾನೀ ವಾಕ್ಯವನ್ನೂ ಸ್ಕ್ರಿಪ್ಟ್ ಟ್ಯಾಗಿರುವ ಒಂದು ಕುಟಿಲ ವಾಕ್ಯವನ್ನೂ ಬೆರೆಸಿ, ಎಚ್‌ಟಿಎಂಎಲ್ಲಿಗೆ ಸರಿಯಾಗಿ ತಿರುಗಿಸಬೇಕೆಂದು ಕೇಳುತ್ತಾರೆ. ಆ ವಿವೇಕ ಜೇಸನ್ ಪರೀಕ್ಷೆಗೂ ಸಂದಿದ್ದರೆ ಸೀರಿಯಲೈಸೇಷನ್ ಕುರಿತ ನಮ್ಮ ಚರ್ಚೆ ಇಷ್ಟು ಬಡವಾಗುತ್ತಿರಲಿಲ್ಲ. ಪಟ್ಟಿಯಿಲ್ಲ, ಒಳವಸ್ತುವಿಲ್ಲ, ಡೇಟ್ ಇಲ್ಲ, ದಶಮಾಂಶವಿಲ್ಲ, ಎಸ್ಕೇಪ್ ಮಾಡಬೇಕಾದ ಒಂದು ಸಂಕೇತವಿಲ್ಲ. ಇಷ್ಟರಿಂದ ಹೊರಟ ಕೋಷ್ಟಕವನ್ನು ಹಿಡಿದು ಒಂದು ಲೈಬ್ರರಿ ಬದುಕಿತು, ಇನ್ನೊಂದು ಸತ್ತಿತು ಎನ್ನುವುದು ವಿಮರ್ಶೆಯಲ್ಲ.

ಇನ್ನೊಂದು ಪಂಥದವರು ಜೇಸನ್ನೇ ರೋಗವೆನ್ನುವವರು. 2008ರಲ್ಲಿ ಗೂಗಲ್ ಬಹಿರಂಗಪಡಿಸಿದ ಪ್ರೋಟೋಕಾಲ್ ಬಫರ್ಸ್ ಮೊದಲಾದ ದ್ವಿಮಾನರೂಪಗಳನ್ನು ಹಿಡಿದರೆ ಎಲ್ಲವೂ ತಾನಾಗಿ ಗುಣವಾಗುವುದೆಂಬುದು ಅವರ ನಂಬಿಕೆ. ಸರ್ವರು ಸರ್ವರಿನೊಡನೆ ಮಾತನಾಡುವಲ್ಲಿ, ಸಂಖ್ಯೆಗಳು ತುಂಬಿದ ದತ್ತದಲ್ಲಿ, ಇದರ ಪ್ರಯೋಜನ ನಿಸ್ಸಂಶಯ: ಗುಣನಾಮಗಳ ಬದಲು ಅಂಕಿಗಳು, ದಶಮಾಂಶರೂಪಕ್ಕೆ ತಿರುಗಿಸಬೇಕಾದ ಕಷ್ಟವಿಲ್ಲ. ಪಠ್ಯದ ವಿಷಯಕ್ಕೆ ಬಂದರೆ ಅಲ್ಲಿಯೂ ಅದೇ ಯುಟಿಎಫ್-8. ಮೂರು ಸಾವಿರ ಸಂಕೇತಗಳ ಕನ್ನಡ ವರದಿ ಜೇಸನ್ನಿನಲ್ಲಿ ಸುಮಾರು 9000 ಬೈಟಾದರೆ ಪ್ರೋಟೋಕಾಲ್ ಬಫರ್ಸ್‌ನಲ್ಲಿಯೂ ಸುಮಾರು 9000 ಬೈಟೇ. ಉದ್ದವನ್ನು ಮೊದಲೇ ಬರೆದಿಡುವುದರಿಂದ ಎಸ್ಕೇಪ್ ಮಾಡಬೇಕಾಗಿಲ್ಲವೆಂಬುದು ಲಾಭ. ಪಠ್ಯ ಶುದ್ಧವಾದ ಯುಟಿಎಫ್-8 ಆಗಿರಬೇಕೆಂಬ ನಿಯಮವನ್ನು ಪಾಲಿಸುವುದಕ್ಕಾಗಿ ಅದನ್ನು ಪರೀಕ್ಷಿಸಬೇಕೆಂಬುದು ವೆಚ್ಚ. ದತ್ತವನ್ನು ಪಡೆಯುವ ಬ್ರೌಸರಿನಲ್ಲಿ ಜೇಸನ್ನನ್ನು ಬಿಡಿಸಲು ಎಂಜಿನ್ನಿನೊಳಗೇ ಅಡಕವಾದ ಕ್ರಿಯೆಯುಂಟು. ದ್ವಿಮಾನರೂಪವನ್ನು ಬಿಡಿಸಲು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಇನ್ನೊಂದು ಲೈಬ್ರರಿಯನ್ನು ಮೊದಲು ಅಲ್ಲಿಗೆ ಸಾಗಿಸಬೇಕು. ಹೀಗಿರಲಾಗಿ ಆ ರೂಪಗಳ ನಿಜವಾದ ಬಲ ಬೈಟುಗಳ ಮಿತವ್ಯಯದಲ್ಲಿಲ್ಲ, ಸ್ಕೀಮಾ ಇಲ್ಲದೆ ಅವು ಒಂದು ಹೆಜ್ಜೆಯನ್ನೂ ಇಡವೆಂಬುದರಲ್ಲಿದೆ. ಅದೇ ಬಲವನ್ನು ಜೇಸನ್ನನ್ನು ಬಿಡದೆ ಪಡೆಯಬಹುದೆಂದು ತೋರಿಸಿಕೊಟ್ಟದ್ದು ಫಾಸ್ಟ್-ಜೇಸನ್-ಸ್ಟ್ರಿಂಗಿಫೈ. ಪೈಥಾನ್ ಲೋಕದಲ್ಲಿ ಫಾಸ್ಟ್‌ಎಪಿಐ ಚೌಕಟ್ಟಿನ ರೆಸ್ಪಾನ್ಸ್ ಮಾಡೆಲ್ ಮಾಡುತ್ತಿರುವುದೂ ಇದೇ ಜಾತಿಯ ಕೆಲಸ.

ಆ ಬಲ ಎಂಥದೆಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಬಳಕೆದಾರರ ಕೋಷ್ಟಕದಿಂದ ಒಂದು ಸಾಲು ಬಂದಿದೆ: ಗುರುತಿನ ಅಂಕಿ, ಹೆಸರು, ಊರು, ಜೊತೆಗೆ ಪಾಸ್‌ವರ್ಡಿನ ಹ್ಯಾಶ್. ಎಂಜಿನ್ನಿನ ಜೇಸನ್.ಸ್ಟ್ರಿಂಗಿಫೈ ಎಷ್ಟೇ ವೇಗವಾಗಲಿ, ಈ ನಾಲ್ಕನ್ನೂ ಅಷ್ಟೇ ವೇಗವಾಗಿ ಬರೆದು ಹೊರಗೆ ಕಳುಹಿಸುತ್ತದೆ. ಸ್ಕೀಮಾದಲ್ಲಿ ಮೊದಲ ಮೂರನ್ನು ಮಾತ್ರ ಹೆಸರಿಸಿದ್ದರೆ, ಹೆಣೆದ ಫಂಕ್ಷನ್ನಿನಲ್ಲಿ ನಾಲ್ಕನೆಯದರ ಪ್ರಸ್ತಾಪವೇ ಇರುವುದಿಲ್ಲ. ಬರೆಯಬಾರದೆಂದು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ನಾಳೆ ಯಾರಾದರೂ ಕೋಷ್ಟಕಕ್ಕೆ ಫೋನ್ ಸಂಖ್ಯೆಯ ಅಂಕಣವೊಂದನ್ನು ಸೇರಿಸಿದರೂ ಅದು ತಾನಾಗಿ ಹೊರಗೆ ಸೋರುವುದಿಲ್ಲ. ಸೋರಿಕೆ ತಡೆಯುವ ಈ ಗುಣವನ್ನು ಫಾಸ್ಟಿಫೈಯ ಕೈಪಿಡಿ ವೇಗದ ಮಾತಿನ ಬೆನ್ನಿಗೇ ಹೇಳಿದೆ. ಓದಿದವರು ಮೊದಲಿನ ಮಾತನ್ನು ಹಿಡಿದು ಎರಡನೆಯದನ್ನು ಬಿಟ್ಟರು. ಮತ್ತೊಂದನ್ನು ನೋಡಿ. ಲೆಕ್ಕದಲ್ಲೆಲ್ಲೋ ತಪ್ಪಾಗಿ ಮೌಲ್ಯವೊಂದು ಸಂಖ್ಯೆಯೇ ಅಲ್ಲದ ನ್ಯಾನ್ ಆಗಿದ್ದರೆ ಜೇಸನ್.ಸ್ಟ್ರಿಂಗಿಫೈ ಅದನ್ನು ಮಾತಿಲ್ಲದೆ ನಲ್ ಎಂದು ಬರೆಯುತ್ತದೆ. ಪೂರ್ಣಾಂಕವೆಂದು ಘೋಷಿಸಿದ ಸ್ಥಾನದಲ್ಲಿ ಅದು ಬಂದರೆ ಈ ಲೈಬ್ರರಿ ಬರೆಯಲೊಪ್ಪದೆ ದೋಷವನ್ನೆಸೆಯುತ್ತದೆ. ತಪ್ಪು ಓದುಗನ ತೆರೆಯ ಮೇಲೆ ಕಾಣಿಸಿಕೊಳ್ಳುವುದಕ್ಕಿಂತ ಸರ್ವರಿನ ದಾಖಲೆಯಲ್ಲಿ ಕಾಣಿಸಿಕೊಳ್ಳುವುದು ಎಷ್ಟೋ ಮೇಲು.

ದೋಷಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಅದೇ ಪೂರ್ಣಾಂಕದ ಕ್ರಿಯೆ, ಭಿನ್ನವುಳ್ಳ ಸಂಖ್ಯೆ ಬಂದಾಗ, ಬೇರೆ ಸೂಚನೆಯಿಲ್ಲದಿದ್ದರೆ ಅದರ ಭಿನ್ನಾಂಶವನ್ನು ಸದ್ದಿಲ್ಲದೆ ಕತ್ತರಿಸುತ್ತದೆ, 99.50 ರೂಪಾಯಿಯ ಬೆಲೆಯನ್ನು ಪೂರ್ಣಾಂಕವೆಂದು ಸ್ಕೀಮಾದಲ್ಲಿ ಬರೆದವನ ಗಿರಾಕಿಗೆ ಐವತ್ತು ಪೈಸೆ ಕಾಣುವುದೇ ಇಲ್ಲ. ನ್ಯಾನ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದದ್ದು ಇಲ್ಲಿ ಇಷ್ಟು ಸಡಿಲವಾದುದು ನನಗೆ ಸಮಾಧಾನ ತರದ ಸಂಗತಿ. ಇಲ್ಲಿಯೂ ದೋಷವೆಸೆಯುವುದೇ ನ್ಯಾಯವಾಗಿತ್ತು. ಸ್ಕೀಮಾದಿಂದ ಫಂಕ್ಷನ್ನನ್ನು ಹೆಣೆದು ನಡೆಯಿಸುವುದರಿಂದ, ಪರರು ಕೊಟ್ಟ ಸ್ಕೀಮಾವನ್ನು ಅದಕ್ಕೆ ಎಂದಿಗೂ ಒಪ್ಪಿಸಕೂಡದು. ಇದರ ಜೊತೆಗೆ, 'ಇದಾಗಿರಬಹುದು ಅಥವಾ ಅದಾಗಿರಬಹುದು' ಎಂಬ ಎನಿಆಫ್ ವಿಕಲ್ಪವನ್ನು ಸ್ಕೀಮಾದಲ್ಲಿ ಬರೆದರೆ, ಯಾವುದೆಂದು ನಿರ್ಣಯಿಸಲು ಕೋರಿಕೆಯ ಹೊತ್ತಿನಲ್ಲೇ ಏಜೆವಿ ಎಂಬ ಪರೀಕ್ಷಕವನ್ನು ಕರೆಯಬೇಕಾಗುತ್ತದೆ; ಮೊದಲೇ ತಿಳಿದಿಲ್ಲದ್ದಕ್ಕೆ ತೆರಬೇಕಾದ ಬೆಲೆ ಅಲ್ಲಿ ಸಂಪೂರ್ಣವಾಗಿ ತೆರಲ್ಪಡುತ್ತದೆ. ಈ ದೋಷಗಳನ್ನೆಲ್ಲ ತೂಗಿದ ಮೇಲೆಯೂ ನನ್ನ ನಿರ್ಣಯ ಅಲುಗುವುದಿಲ್ಲ. ಆಸ್‌ಸ್ಟ್ರಿಂಗನ್ನು ನಾಳೆ ಕಿತ್ತುಹಾಕಿ ಅದರ ಸ್ಥಾನದಲ್ಲಿ ಎಂಜಿನ್ನಿನ ಕ್ರಿಯೆಯನ್ನೇ ಇಟ್ಟರೂ ಈ ಲೈಬ್ರರಿಯ ಮಹತ್ತ್ವದಲ್ಲಿ ಕೊರತೆಯಾಗದು.

ಹೊರಹೋಗುವುದನ್ನು ಮೊದಲೇ ಘೋಷಿಸಿಡುವ ಇದೇ ತತ್ತ್ವವನ್ನು ಒಂದು ಮೆಟ್ಟಿಲು ಮೇಲಕ್ಕೆ ಕೊಂಡೊಯ್ಯುವ ರೂಢಿಯೊಂದು ಇದಕ್ಕಿಂತಲೂ ಉಪೇಕ್ಷಿತವಾಗಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸು 2012ರ 9.2ನೆಯ ಆವೃತ್ತಿಯಿಂದ ಒಂದು ಸಾಲನ್ನು ತಾನೇ ಜೇಸನ್ನಾಗಿ ಬರೆದುಕೊಡಬಲ್ಲದು. ಆದರೆ ನೋಡ್‌ನಲ್ಲಿ ಸಾಮಾನ್ಯವಾಗಿ ಬಳಸುವ ಪಿಜಿ ಎಂಬ ಚಾಲಕವು, ಬಂದ ಆ ಜೇಸನ್ ಪಠ್ಯವನ್ನು ಒಡೆದು ವಸ್ತುಗಳನ್ನಾಗಿ ಮಾಡಿ ಕೊಡುತ್ತದೆ. ಸರ್ವರು ಆ ವಸ್ತುಗಳನ್ನು ಮುಟ್ಟದೆ ಮರಳಿ ಜೇಸನ್ನಾಗಿ ಬರೆಯುತ್ತದೆ. ಒಂದೇ ಪಠ್ಯವನ್ನು ಬಿಚ್ಚಿ ಮತ್ತೆ ಕಟ್ಟುವ ಈ ವ್ಯರ್ಥಶ್ರಮದ ಮುಂದೆ 42ರ ಎಲ್ಲೆಯನ್ನು ಕುರಿತ ವಾದಗಳೆಲ್ಲ ಅತ್ಯಲ್ಪ. ಆ ಜೇಸನ್ ಅಂಕಣವನ್ನು ಪಠ್ಯವೆಂದು ಮಾರ್ಪಡಿಸಿ ತರಿಸಿಕೊಂಡು ಹಾಗೆಯೇ ಮುಂದೆ ಕಳುಹಿಸಿದರೆ ಸೀರಿಯಲೈಸೇಷನ್ನಿನ ಕೆಲಸವೇ ಸರ್ವರಿನಲ್ಲಿ ಉಳಿಯದು. ಉಳಿಯದೆಂದ ಮೇಲೆ ಸ್ಕೀಮಾದ ಕಾವಲೂ ಅಲ್ಲಿ ಇರಲಾರದು. ಆ ದಾರಿಯನ್ನು ಹಿಡಿಯುವವರು ಸಾಲಿಗೆ ಸಾಲನ್ನೇ ಜೇಸನ್ ಮಾಡುವ ಸುಲಭವನ್ನು ಬಿಟ್ಟು, ಹೊರಹೋಗಬೇಕಾದ ಒಂದೊಂದು ಅಂಕಣದ ಹೆಸರನ್ನೂ ಎಸ್‌ಕ್ಯುಎಲ್ ವಾಕ್ಯದಲ್ಲಿಯೇ ಎತ್ತಿ ಬರೆಯಬೇಕಾಗುತ್ತದೆ.